ಶಾಕ್ಸ್ ಬದಲಿಸುವ ಮುಂಚೆ ವಾರಂಟಿ ಪುಸ್ತಕ ತೆರೆಯಿರಿ

ಮಳೆಗಾಲ ಮುಗಿದು ರಸ್ತೆ ಒಣಗುತ್ತಿದ್ದಂತೆ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ಕಾರು ತಗೊಂಡು ಒಂದೂವರೆ ವರ್ಷ. ಮನೆ ದಾರಿಯಲ್ಲಿ ಅಡಿ ತಾಗುತ್ತೆ. ಹಿಂದೆ ನಾಲ್ಕು ಚೀಲ ಅಡಿಕೆ ಹಾಕಿದ್ರೆ ಕೂತುಬಿಡುತ್ತೆ. ಹೊರಗೆ ಒಳ್ಳೆ ಶಾಕ್ಸ್ ಹಾಕಿಸಿದ್ರೆ ವಾರಂಟಿ ಹೋಗುತ್ತಾ?" ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರು ಕೇಳುವುದು ಜಾಸ್ತಿ. ಹೆದ್ದಾರಿ ಬಿಟ್ಟು ಮನೆಯಂಗಳ ಮುಟ್ಟುವ ಕೊನೆಯ ಒಂದೆರಡು ಕಿಲೋಮೀಟರ್‌ನಲ್ಲಿ ಕಾರಿಗೆ ಏನೇನಾಗುತ್ತದೆ ಅಂತ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಹೌದು, ಇಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರ ಕೊಡಲಾಗದು. ಹೊರಗಿನಿಂದ ತಂದು ಹಾಕಿಸಿದ ಭಾಗಕ್ಕೆ ಕಾರು ಕಂಪನಿಯ ವಾರಂಟಿ ಇರುವುದಿಲ್ಲ, ಇದು ಖಂಡಿತ. ಆ ಭಾಗದಿಂದಲೇ ಪಕ್ಕದ ಇನ್ನೊಂದು ಕೆಟ್ಟಿತು ಎಂದು ಕಂಪನಿ ಹೇಳಿದರೆ ಅದರ ವಾರಂಟಿಗೂ ಕಲ್ಲು ಬೀಳುತ್ತದೆ. ಏಸಿ, ಪವರ್ ವಿಂಡೋ, ಮ್ಯೂಸಿಕ್ ಸಿಸ್ಟಂನಂಥ ಸಂಬಂಧವೇ ಇಲ್ಲದ ಭಾಗಗಳ ವಾರಂಟಿ ಉಳಿಯಬೇಕು. ಉಳಿಯುತ್ತದೋ ಇಲ್ಲವೋ ಎನ್ನುವುದು ನಿಮ್ಮ ವಾರಂಟಿ ಪುಸ್ತಕದ ಒಂದೆರಡು ಸಾಲಿನ ಮೇಲೆ, ಮತ್ತು ನಿಮ್ಮ ಕೈಯಲ್ಲಿರುವ ಕಾಗದಗಳ ಮೇಲೆ ನಿಂತಿದೆ. ಆ ಕಾಗದಗಳನ್ನು ಒಟ್ಟುಮಾಡುವುದು ಹೇಗೆ ಎಂಬುದೇ ಈ ಲೇಖನದ ಮುಖ್ಯ ವಿಷಯ.

ಯೂಟ್ಯೂಬ್‌ನಲ್ಲಿ ಕೆಲವರು "ಹೊರಗಿನ ಪಾರ್ಟ್‌ನಿಂದಲೇ ಕೆಟ್ಟಿದ್ದು ಅಂತ ಕಂಪನಿಯೇ ಸಾಬೀತು ಮಾಡಬೇಕು, ಕಾನೂನಿದೆ" ಎನ್ನುತ್ತಾರೆ. ಅವರು ಹೇಳುತ್ತಿರುವುದು ಅಮೆರಿಕದ 1975ರ ಮ್ಯಾಗ್ನುಸನ್-ಮಾಸ್ ಕಾಯ್ದೆಯ ವಿಷಯ. ಅದು ಶಿವಮೊಗ್ಗದಲ್ಲಿ ನಡೆಯುವುದಿಲ್ಲ. ನಮ್ಮಲ್ಲಿ ವಾರಂಟಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಇರುವುದು ನೀವು ಕಾರು ಕೊಂಡಾಗ ಒಪ್ಪಿದ ಷರತ್ತುಗಳು ಮತ್ತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ.

ಮೊದಲು ಕೆಲವು ಪದಗಳು

ಸ್ಪ್ರಿಂಗ್ ಕಾರಿನ ಭಾರ ಹೊರುತ್ತದೆ. ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ, ಸ್ಪ್ರಿಂಗ್ ಕುಣಿಯದಂತೆ ಹಿಡಿದುಕೊಳ್ಳುತ್ತದೆ. ಅದರೊಳಗೆ ಎಣ್ಣೆ ಇರುತ್ತದೆ. ಪಿಸ್ಟನ್‌ನ ಸಣ್ಣ ತೂತುಗಳಲ್ಲಿ ಆ ಎಣ್ಣೆ ನುಗ್ಗುವಾಗ ಕುಲುಕಾಟ ಅಡಗುತ್ತದೆ. ಬಹುತೇಕ ಕಾರುಗಳಲ್ಲಿ ಮುಂದುಗಡೆ ಸ್ಪ್ರಿಂಗ್ ಮತ್ತು ಶಾಕ್ ಒಂದೇ ಜೋಡಣೆಯಾಗಿ ಬರುತ್ತವೆ. ಅದನ್ನೇ ಸ್ಟ್ರಟ್ ಎನ್ನುತ್ತಾರೆ. ಅದರ ಮೇಲಿನ ತುದಿಯನ್ನು ಕಾರಿನ ಮೈಗೆ ಹಿಡಿದಿಡುವ ಭಾಗ ಟಾಪ್ ಮೌಂಟ್. ಲೋಹಕ್ಕೆ ಲೋಹ ತಾಗದಂತೆ ನಡುವೆ ಕೂರಿಸಿದ ರಬ್ಬರ್ ಭಾಗಗಳು ಬುಷ್. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು ಲೋವರ್ ಆರ್ಮ್. ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಅಡ್ಡ ಕಂಬಿಗೆ ಸೇರಿಸುವ ಸಣ್ಣ ಕಡ್ಡಿ ಲಿಂಕ್ ರಾಡ್.

ಇಷ್ಟು ಗೊತ್ತಾದರೆ ಅರ್ಧ ಹಣ ಉಳಿಯುತ್ತದೆ. ಚೀಲ ಹಾಕಿದಾಗ ಹಿಂದೆ ಕೂರುವುದು ಸ್ಪ್ರಿಂಗಿನ ವಿಷಯ. ಅದಕ್ಕೆ ಎಷ್ಟು ದುಬಾರಿ ಶಾಕ್ಸ್ ಹಾಕಿಸಿದರೂ ಕಾರು ಕೂರುತ್ತಲೇ ಇರುತ್ತದೆ.

1. ಮೊದಲು ಈಗಿರುವ ತೊಂದರೆಯನ್ನು ವಾರಂಟಿಯಲ್ಲೇ ತೋರಿಸಿ

ಹೆಚ್ಚಿನವರು ತಪ್ಪುವುದು ಇಲ್ಲೇ. ಮುಂದೆ "ಟಕ್ ಟಕ್" ಸದ್ದು ಬಂತು, ಶಾಕ್ಸ್ ಹೋಯಿತು ಅಂದುಕೊಂಡು ಸೀದಾ ಹೊರಗಿನ ಅಂಗಡಿಗೆ ಹೋಗುತ್ತಾರೆ. ನನ್ನ ಕಾರಿನಲ್ಲೂ ತೀರ್ಥಹಳ್ಳಿ ರಸ್ತೆಯಲ್ಲಿ ಇದೇ ಸದ್ದು ಶುರುವಾಗಿತ್ತು. ನೋಡಿದರೆ ಸಡಿಲವಾಗಿದ್ದದ್ದು ಲಿಂಕ್ ರಾಡ್. ವಾರಂಟಿಯಲ್ಲೇ ಬದಲಿಸಿಕೊಟ್ಟರು. ಹೊರಗೆ ಹೋಗಿದ್ದರೆ ನಾಲ್ಕು ಶಾಕ್‌ಗೆ ದುಡ್ಡು ಕೊಟ್ಟು, ಅದೇ ಸದ್ದು ಕೇಳಿಸಿಕೊಂಡು ಮನೆಗೆ ಬರುತ್ತಿದ್ದೆ.

ಮನೆಯಲ್ಲೇ ಇಷ್ಟು ನೋಡಿ. ಕಾರಿನ ಒಂದು ಮೂಲೆಯನ್ನು ಜೋರಾಗಿ ಒತ್ತಿ ಬಿಡಿ. ಒಂದು ಸಲ ಎದ್ದು ನಿಲ್ಲಬೇಕು. ಎರಡು ಮೂರು ಸಲ ತೂಗಾಡಿದರೆ ಶಾಕ್ ಸೋತಿದೆ. ಟಾರ್ಚ್ ಹಿಡಿದು ಶಾಕ್‌ನ ಮೈ ನೋಡಿ. ತೆಳುವಾಗಿ ಧೂಳು ಅಂಟಿದಂತೆ ಎಣ್ಣೆಯ ಪಸೆ ಇದ್ದರೆ ಗಾಬರಿ ಬೇಡ, ಹೆಚ್ಚಾಗಿ ಅದು ದೋಷವಲ್ಲ. ಎಣ್ಣೆ ಹನಿಯಾಗಿ ಇಳಿದು ಕೆಳಗೆ ಒದ್ದೆಯಾಗಿದ್ದರೆ ಅದು ಸೋರಿಕೆ. ಫೋಟೋ ತೆಗೆದಿಟ್ಟುಕೊಳ್ಳಿ.

ಟೈರಿನ ಗಾಳಿಯನ್ನೂ ನೋಡಿ. ಡ್ರೈವರ್ ಬಾಗಿಲು ತೆರೆದಾಗ ಕಂಬದ ಮೇಲೆ ಸಾಮಾನ್ಯವಾಗಿ ಒಂದು ಚೀಟಿ ಇರುತ್ತದೆ. ಒಬ್ಬಿಬ್ಬರು ಇದ್ದಾಗ ಎಷ್ಟು, ತುಂಬಿದ ಗಾಡಿಗೆ ಎಷ್ಟು ಅಂತ ಅಲ್ಲಿ ಬರೆದಿರುತ್ತದೆ. ಚೀಟಿಗಿಂತ ಜಾಸ್ತಿ ಗಾಳಿ ತುಂಬಿಸಿ ಕಾರು ಕುಲುಕುತ್ತದೆ ಎನ್ನುವವರು ಬೇಕಾದಷ್ಟು ಜನ ಇದ್ದಾರೆ.

ಸರ್ವಿಸ್ ಸೆಂಟರ್‌ಗೆ ಹೋದಾಗ ದೂರನ್ನು ಜಾಬ್ ಕಾರ್ಡ್‌ನಲ್ಲಿ ಬರೆಸಿ. ಜಾಬ್ ಕಾರ್ಡ್ ಎಂದರೆ ನಿಮ್ಮ ಕಾರು ಒಳಗೆ ಹೋದಾಗ ತೆರೆಯುವ ಕೆಲಸದ ಚೀಟಿ. ಅದು ಚಾಸಿ ನಂಬರ್ ಜೊತೆ ಕಂಪನಿಯ ದಾಖಲೆಯಲ್ಲಿ ಸೇರುತ್ತದೆ. "ಜನರಲ್ ಚೆಕಪ್" ಅಂತ ಬರೆದರೆ ಒಪ್ಪಬೇಡಿ. "ಎಡಗಡೆ ಮುಂದಿನ ಚಕ್ರದಿಂದ ಸಣ್ಣ ಗುಂಡಿಯಲ್ಲಿ ಸದ್ದು" ಅಂತ ನಿಮ್ಮ ಮಾತಿನಲ್ಲೇ ಬರಲಿ. ಸಾಧ್ಯವಾದರೆ ಒಬ್ಬ ಮೆಕ್ಯಾನಿಕ್ ಜೊತೆ ಹಾಳಾದ ರಸ್ತೆಯಲ್ಲೇ ಒಂದು ಸುತ್ತು ಹೋಗಿಬನ್ನಿ. ನುಣ್ಣನೆಯ ರಸ್ತೆಯಲ್ಲಿ ಓಡಿಸಿ "ಸದ್ದೇ ಇಲ್ಲವಲ್ಲ ಸಾರ್" ಎಂದು ವಾಪಸ್ ಕಳಿಸುವುದು ಮಾಮೂಲು.

2. ವಾರಂಟಿ ಪುಸ್ತಕದ ಯಾವ ಸಾಲು ಓದಬೇಕು

ಪುಸ್ತಕ ಗ್ಲೋವ್ ಬಾಕ್ಸ್‌ನಲ್ಲಿದೆ. ಇಲ್ಲವಾದರೆ ಕಂಪನಿಯ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ ಸಿಗುತ್ತದೆ. "ಏನೇನು ಸೇರುವುದಿಲ್ಲ" ಎಂಬ ಭಾಗಕ್ಕೆ ಹೋಗಿ. ಅಲ್ಲಿ ನಾಲ್ಕು ಮಾತು ಹುಡುಕಿ.

ಮಾಡಿಫಿಕೇಷನ್ ಅಥವಾ ಆಲ್ಟರೇಷನ್: ಮೂಲ ರೂಪದಿಂದ ಮಾಡಿದ ಬದಲಾವಣೆ. ನಾನ್-ಜೆನ್ಯೂನ್ ಪಾರ್ಟ್ಸ್: ಕಂಪನಿಯ ಹೆಸರಿನ ಪೆಟ್ಟಿಗೆಯಲ್ಲಿ ಬಾರದ ಬಿಡಿಭಾಗ. ವೇರ್ ಅಂಡ್ ಟೇರ್: ಬಳಕೆಯಿಂದ ಸವೆಯುವುದು, ರಬ್ಬರ್ ಬುಷ್‌ಗಳನ್ನು ಹೆಚ್ಚಾಗಿ ಇದರೊಳಗೆ ಸೇರಿಸಿರುತ್ತಾರೆ. ಕಾನ್ಸಿಕ್ವೆನ್ಷಿಯಲ್ ಡ್ಯಾಮೇಜ್: ಒಂದು ಕೆಟ್ಟಿದ್ದರಿಂದ ಇನ್ನೊಂದು ಕೆಡುವುದು.

ಈಗ ವಾಕ್ಯದ ರಚನೆ ನೋಡಿ. "ಬದಲಾವಣೆಯಿಂದ ಉಂಟಾದ ಹಾನಿಗೆ ವಾರಂಟಿ ಇಲ್ಲ" ಎಂದಿದ್ದರೆ ಕಾರಣದ ಪ್ರಶ್ನೆ ಬರುತ್ತದೆ, ನಿಮಗೆ ವಾದಿಸಲು ಜಾಗ ಇದೆ. "ಬದಲಾವಣೆ ಮಾಡಿದ ವಾಹನಕ್ಕೆ ವಾರಂಟಿ ಇಲ್ಲ" ಎಂದಿದ್ದರೆ ಅದು ಇಡೀ ಗಾಡಿಯ ಮಾತು. ಅಂಥ ಪುಸ್ತಕ ನಿಮ್ಮ ಕೈಯಲ್ಲಿದ್ದರೆ ವಾರಂಟಿ ಮುಗಿಯುವವರೆಗೆ ಕೈ ಹಾಕಬೇಡಿ ಎಂದೇ ನನ್ನ ಸಲಹೆ. ಎರಡೂ ಬಗೆಯ ವಾಕ್ಯ ಒಂದೇ ಪುಸ್ತಕದಲ್ಲಿ ಇರುವುದೂ ಉಂಟು, ಆದ್ದರಿಂದ ಕೊನೆಯ ಪುಟದವರೆಗೂ ಓದಿ.

ಎಕ್ಸ್‌ಟೆಂಡೆಡ್ ವಾರಂಟಿ, ಅಂದರೆ ದುಡ್ಡು ಕೊಟ್ಟು ಮುಂದುವರಿಸಿಕೊಂಡ ವಾರಂಟಿ, ಬೇರೆಯೇ ಒಪ್ಪಂದ. ಅದರ ಕಾಗದವನ್ನು ಬೇರೆಯಾಗಿಯೇ ಓದಬೇಕು. ಷರತ್ತು ಅಲ್ಲಿ ಇನ್ನೂ ಬಿಗಿಯಾಗಿರಬಹುದು.

3. ಯಾವ ಬದಲಾವಣೆಗೆ ಎಷ್ಟು ಅಪಾಯ

ಮೂಲ ಎತ್ತರವನ್ನೇ ಉಳಿಸಿಕೊಂಡು ಬರೀ ಶಾಕ್ಸ್ ಬದಲಿಸುವುದು ಎಲ್ಲಕ್ಕಿಂತ ಕಡಿಮೆ ಅಪಾಯದ್ದು. ಚಕ್ರದ ಕೋನ, ಆಕ್ಸಲ್‌ನ (ಗೇರ್‌ಬಾಕ್ಸ್‌ನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ದಂಡ) ಕೋನ ಬದಲಾಗುವುದಿಲ್ಲ. ಆದರೂ ಟಾಪ್ ಮೌಂಟ್, ಬುಷ್, ಲೋವರ್ ಆರ್ಮ್ ಕ್ಲೇಮ್ ಮಾಡಲು ಹೋದರೆ ಪ್ರಶ್ನೆ ಬರುತ್ತದೆ. ಒಂದು ಸೂಕ್ಷ್ಮ ನೆನಪಿರಲಿ. ಗೇಬ್ರಿಯಲ್‌ನಂಥ ಕಂಪನಿಗಳು ಕಾರು ತಯಾರಕರಿಗೂ ಶಾಕ್ ಮಾಡಿಕೊಡುತ್ತವೆ, ಅಂಗಡಿಯಲ್ಲೂ ಮಾರುತ್ತವೆ. "ಒಳಗೆ ಇರೋದೂ ಇದೇ ಕಂಪನಿದು ಅಲ್ವಾ" ಎಂಬ ವಾದ ವಾರಂಟಿ ಮೇಜಿನ ಮುಂದೆ ನಿಲ್ಲುವುದಿಲ್ಲ. ಕಾರು ಕಂಪನಿಯ ಪಾರ್ಟ್ ನಂಬರ್ ಇಲ್ಲದಿದ್ದರೆ ಅದು ಹೊರಗಿನದೇ.

ಸ್ಪ್ರಿಂಗ್ ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್ ನಮ್ಮ ಕಡೆ ತುಂಬಾ ಓಡುತ್ತದೆ. ಅಗ್ಗ, ಅರ್ಧ ಗಂಟೆಯ ಕೆಲಸ, ಕಾರು ಎತ್ತರವಾಗಿ ಕಾಣುತ್ತದೆ. ನಾನು ಇದನ್ನು ಯಾರಿಗೂ ಹೇಳುವುದಿಲ್ಲ. ಬಫರ್ ಕೂತ ಸುರುಳಿ ಕೆಲಸ ಮಾಡುವುದಿಲ್ಲ, ಅದರ ಪಾಲಿನ ಒತ್ತಡ ಉಳಿದ ಸುರುಳಿಗಳ ಮೇಲೆ ಬೀಳುತ್ತದೆ. ಏಟು ಸೀದಾ ಟಾಪ್ ಮೌಂಟ್‌ಗೆ ಹೋಗುತ್ತದೆ. ನಮ್ಮ ಕೆಂಪು ಮಣ್ಣು ಮಳೆಯಲ್ಲಿ ಕೆಸರಾಗಿ ಬಫರ್ ಮತ್ತು ಸುರುಳಿಯ ಸಂದಿಗೆ ಸೇರುತ್ತದೆ. ಒಣಗಿದ ಮೇಲೆ ಉಜ್ಜುಕಾಗದದ ಹಾಗೆ ಸ್ಪ್ರಿಂಗಿನ ಬಣ್ಣ ತಿನ್ನುತ್ತದೆ. ಬಣ್ಣ ಹೋದಲ್ಲಿ ತುಕ್ಕು. ಕ್ಲೇಮ್‌ಗೆ ಹೋಗುವ ಹಿಂದಿನ ದಿನ ಬಫರ್ ತೆಗೆದುಬಿಟ್ಟರೂ, ಬೆರಳಗಲದ ಆ ತುಕ್ಕಿನ ಪಟ್ಟಿ ಸುರುಳಿಯ ಮೇಲೆ ಹಾಗೇ ಇರುತ್ತದೆ. ನೋಡಿದ ಮೆಕ್ಯಾನಿಕ್‌ಗೆ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ.

ಬಿಗಿಯಾದ ಸ್ಪ್ರಿಂಗ್ ಹಾಕುವುದು ನಡುವಿನ ದಾರಿ. ಭಾರ ಹೇರುವವರಿಗೆ ಉಪಯೋಗ ಇದೆ. ಆದರೆ ಸ್ಪ್ರಿಂಗ್ ಬಿಗಿಯಾದರೆ ಅದಕ್ಕೆ ಹೊಂದುವ ಶಾಕ್ ಕೂಡ ಬೇಕು, ಇಲ್ಲದಿದ್ದರೆ ಖಾಲಿ ಗಾಡಿ ಕುಣಿಯುತ್ತದೆ.

ಲಿಫ್ಟ್ ಕಿಟ್, ಅಂದರೆ ಸ್ಪೇಸರ್ ಅಥವಾ ಉದ್ದನೆಯ ಸ್ಪ್ರಿಂಗ್ ಹಾಕಿ ಕಾರು ಎತ್ತರಿಸುವುದು, ವಾರಂಟಿ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯದ್ದು. ಮುಂದಿನ ಚಕ್ರ ಎಳೆಯುವ ಕಾರುಗಳಲ್ಲಿ ಆಕ್ಸಲ್‌ನ ಕೋನ ಬದಲಾಗುತ್ತದೆ. ಅದರ ತುದಿಯ ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಗೆ ಎರಚುತ್ತದೆ. ಚಕ್ರ ಪೂರ್ತಿ ಕೆಳಗಿಳಿದಾಗ ಬ್ರೇಕ್ ಹೋಸ್, ಎಬಿಎಸ್ ಸೆನ್ಸರ್ ವೈರ್ ಎಳೆದುಕೊಳ್ಳುತ್ತವೆ. ಹೆಡ್‌ಲೈಟ್ ಬೀಳುವ ಜಾಗ ಬದಲಾಗುತ್ತದೆ. ಎದುರಿನ ಗಾಡಿ ನೋಡಿ ತಾನೇ ಬ್ರೇಕ್ ಹಾಕುವ ಹೊಸ ಕಾರುಗಳಲ್ಲಿ ಕ್ಯಾಮೆರಾ, ರೇಡಾರ್ ಎರಡನ್ನೂ ಆ ಎತ್ತರಕ್ಕೆ ಲೆಕ್ಕ ಹಾಕಿಯೇ ಕೂರಿಸಿರುತ್ತಾರೆ. ಹೀಗೆ ಗೇರ್‌ಬಾಕ್ಸ್ ಪಕ್ಕದ ಆಕ್ಸಲ್‌ನಿಂದ ಹಿಡಿದು ಸ್ಟೀರಿಂಗ್, ಬ್ರೇಕ್, ಸೆನ್ಸರ್ ತನಕ ಯಾವುದು ಕೆಟ್ಟರೂ "ಲಿಫ್ಟ್‌ನಿಂದ" ಎಂದು ಬೆರಳು ತೋರಿಸಲು ಕಂಪನಿಗೆ ಅವಕಾಶ. ಅದೂ ಅಲ್ಲದೆ ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳಲ್ಲಿ ಎತ್ತರಿಸಿದ ಕಾರು ಮೊದಲಿಗಿಂತ ಜಾಸ್ತಿ ವಾಲುತ್ತದೆ. ಹಿಂದಿನ ಸೀಟಿನಲ್ಲಿ ಮಕ್ಕಳು, ಹಿರಿಯರು ಕೂರುವ ಕಾರಿಗೆ ಇದು ಬೇಕಾ ಅಂತ ಎರಡು ಸಲ ಯೋಚಿಸಿ.

4. ಬರೆದು ಕೇಳಿ, ಬರೆದ ಉತ್ತರ ಪಡೆಯಿರಿ

ವಾರಂಟಿ ಕೊಡುವುದು ಕಾರು ತಯಾರಿಸಿದ ಕಂಪನಿ. ಡೀಲರ್ ಕ್ಲೇಮ್ ಕಳಿಸುವವನು, ಅಷ್ಟೇ. ಕೌಂಟರ್‌ನಲ್ಲಿ ಸರ್ವಿಸ್ ಅಡ್ವೈಸರ್ "ಏನೂ ಆಗಲ್ಲ ಸಾರ್, ಹಾಕ್ಸಿ" ಅಂದರೆ ಆ ಮಾತಿಗೆ ಆರು ತಿಂಗಳ ಮೇಲೆ ಬೆಲೆ ಇರುವುದಿಲ್ಲ. ಆತ ಬೇರೆ ಊರಿಗೆ ಹೋಗಿರಬಹುದು.

ಕಂಪನಿಯ ಕಸ್ಟಮರ್ ಕೇರ್‌ಗೆ ಇಮೇಲ್ ಕಳಿಸಿ, ಡೀಲರ್‌ಗೂ ಒಂದು ಪ್ರತಿ ಹೋಗಲಿ. ಹೀಗೆ ಬರೆಯಬಹುದು:

"ನನ್ನ ವಾಹನದ ಚಾಸಿ ನಂಬರ್ ಇಂಥದ್ದು. ಮೂಲ ಎತ್ತರ ಬದಲಾಗದಂತೆ ನಾಲ್ಕೂ ಶಾಕ್ ಅಬ್ಸಾರ್ಬರ್‌ಗಳನ್ನು ಇಂಥ ಕಂಪನಿಯ ಇಂಥ ಪಾರ್ಟ್ ನಂಬರ್‌ನ ಶಾಕ್‌ಗಳಿಗೆ ಬದಲಿಸಬೇಕೆಂದಿದ್ದೇನೆ. ಇದರಿಂದ ಯಾವ ಭಾಗಗಳ ವಾರಂಟಿ ಹೋಗುತ್ತದೆ, ಯಾವುದು ಉಳಿಯುತ್ತದೆ? ವಾರಂಟಿ ಪುಸ್ತಕದ ಯಾವ ಷರತ್ತಿನ ಪ್ರಕಾರ ಎಂದೂ ತಿಳಿಸಿ."

"ಹತ್ತಿರದ ಡೀಲರ್ ಸಂಪರ್ಕಿಸಿ" ಎಂಬ ಸಿದ್ಧ ಉತ್ತರ ಬಂದರೆ ಬಿಡಬೇಡಿ, ಅದೇ ಪ್ರಶ್ನೆಯನ್ನು ಮತ್ತೆ ಕಳಿಸಿ. ಪೂರ್ತಿ ಉತ್ತರ ಬಾರದೇ ಹೋದರೂ ನೀವು ಮುಚ್ಚಿಡದೆ ಕೇಳಿದ್ದಿರಿ ಎನ್ನುವುದು ದಾಖಲೆಯಲ್ಲಿ ಉಳಿಯುತ್ತದೆ.

ಡೀಲರ್‌ನವರೇ ಹೊರಗಿನ ಬ್ರ್ಯಾಂಡ್ ಮಾರಿ ಹಾಕಿಕೊಡುವುದುಂಟು. ಶೋರೂಮಿನಲ್ಲೇ ಹಾಕಿಸಿದ್ದು ಅಂದ ಮಾತ್ರಕ್ಕೆ ಅದು ಕಂಪನಿಯ ಅಧಿಕೃತ ಆಕ್ಸೆಸರಿ ಆಗುವುದಿಲ್ಲ. ಬಿಲ್‌ನಲ್ಲಿ ಭಾಗದ ಹೆಸರು, ಪಾರ್ಟ್ ನಂಬರ್, ಹಾಕಿದ್ದು ಇವರೇ ಎಂಬುದು ಇರಲಿ. ಆಗ ಡೀಲರ್ ಜವಾಬ್ದಾರಿಯಿಂದ ನುಣುಚಿಕೊಳ್ಳುವುದು ಕಷ್ಟ.

5. ಬಿಚ್ಚುವ ಮುಂಚೆ ಅಳತೆ

ಸಮತಟ್ಟಾದ ಜಾಗದಲ್ಲಿ ಖಾಲಿ ಕಾರು ನಿಲ್ಲಿಸಿ. ಚಕ್ರದ ನಡುಮಧ್ಯದಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತ ಎಲ್ಲ ಸೇರಿ ಲೆಕ್ಕ ತಪ್ಪುತ್ತದೆ. ನಾಲ್ಕೂ ಮೂಲೆಯ ಅಳತೆ ಬರೆದು, ಟೇಪ್ ಕಾಣುವಂತೆ ಫೋಟೋ ತೆಗೆಯಿರಿ. ಓಡೋಮೀಟರ್‌ನದ್ದೂ ಒಂದು. ವೀಲ್ ಅಲೈನ್‌ಮೆಂಟ್ ಮಾಡಿಸಿ ಅದರ ಮುದ್ರಿತ ಚೀಟಿ ಇಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಇವೇ ಅಳತೆ, ಇದೇ ಚೀಟಿ ಇನ್ನೊಂದು ಸಲ. ಎತ್ತರ ಬದಲಾಗಿಲ್ಲ, ಚಕ್ರದ ಕೋನ ಕಂಪನಿ ಹೇಳಿದ ಮಿತಿಯಲ್ಲೇ ಇದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

6. ಹಾಕಿಸುವಾಗ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಇರಲಿ, ಬೆಂಗಳೂರಿನ ದೊಡ್ಡ ಅಂಗಡಿ ಇರಲಿ, ಜಿಎಸ್‌ಟಿ ಬಿಲ್ ಇಲ್ಲದೆ ಕೆಲಸ ಮಾಡಿಸಬೇಡಿ. ನಾಳೆ ಹೊಸ ಶಾಕ್ ಸೋರಿದರೆ ಕಾರು ಕಂಪನಿ ಕೊಡುವುದಿಲ್ಲ, ಕೊಡಬೇಕಾದದ್ದು ಶಾಕ್ ಕಂಪನಿ. ಅದರ ವಾರಂಟಿ ಕಾರ್ಡ್‌ಗೆ ಬಿಲ್ ಬೇಕೇ ಬೇಕು.

ಶಾಕ್‌ಗಳನ್ನು ಜೋಡಿಯಾಗಿಯೇ ಬದಲಿಸಿ. ಮುಂದೆ ಎರಡು, ಇಲ್ಲವೇ ಹಿಂದೆ ಎರಡು.

ಇನ್ನೊಂದು ವಿಷಯವನ್ನು ಮೆಕ್ಯಾನಿಕ್ ಪಕ್ಕದಲ್ಲಿ ನಿಂತೇ ನೋಡಿ. ಲೋವರ್ ಆರ್ಮ್ ಬುಷ್‌ನ ಬೋಲ್ಟ್‌ಗಳನ್ನು ಚಕ್ರ ನೇತಾಡುತ್ತಿರುವಾಗ ಪೂರ್ತಿ ಬಿಗಿ ಮಾಡಬಾರದು. ಕಾರು ನೆಲಕ್ಕಿಳಿದು ಭಾರ ಬಿದ್ದ ಸ್ಥಿತಿಯಲ್ಲಿ ಕೊನೆಯ ಬಿಗಿ ಆಗಬೇಕು. ನೇತಾಡುವಾಗಲೇ ಬಿಗಿ ಮಾಡಿದರೆ, ಕಾರು ಇಳಿದ ಕ್ಷಣದಿಂದ ಒಳಗಿನ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಆಮೇಲೆ ಆ ಬುಷ್ ಹಿಡಿದು ವಾರಂಟಿಗೆ ಹೋದರೆ ಕಂಪನಿ ಒಪ್ಪದಿರುವುದು ಸರಿಯೇ.

ತೆಗೆದ ಹಳೆಯ ಶಾಕ್, ಸ್ಪ್ರಿಂಗ್, ನಟ್ಟು ಬೋಲ್ಟು ಎಲ್ಲವನ್ನೂ ಮನೆಗೆ ತನ್ನಿ. ಗುಜರಿಗೆ ಬಿಡಬೇಡಿ. ಎಡ, ಬಲ ಅಂತ ಚೀಟಿ ಅಂಟಿಸಿ, ಶಾಕ್‌ಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಮಳೆಗಾಲದ ಥಂಡಿ ತಾಗದಂತೆ ಅಟ್ಟದ ಮೇಲೆ ಇಡಿ. ಸಾವಿರ ಕಿಲೋಮೀಟರ್ ಒಳಗೆ ಒಮ್ಮೆ ಬೋಲ್ಟ್‌ಗಳ ಬಿಗಿ ನೋಡಿಸಿ.

7. ಸರ್ವಿಸ್‌ಗೆ ಹೋದಾಗ ಮುಚ್ಚಿಡಬೇಡಿ

ಕ್ಲೇಮ್ ಬಂದಾಗ ಹಳೆಯದನ್ನು ಮತ್ತೆ ಹಾಕಿಕೊಂಡು ಹೋಗಿ ಎಂದು ಸಲಹೆ ಕೊಡುವವರಿದ್ದಾರೆ. ಮಾಡಬೇಡಿ. ಅದು ಸುಳ್ಳು ಹೇಳಿದಂತೆ. ಬೋಲ್ಟ್ ತಲೆಯ ಮೇಲಿನ ಸ್ಪ್ಯಾನರ್ ಗುರುತು, ಹಿಂದಿನ ಸರ್ವಿಸ್‌ನ ಫೋಟೋ ಎಲ್ಲವೂ ನಿಜ ಹೇಳಿಬಿಡುತ್ತವೆ. ಒಂದು ಸಲ ನಂಬಿಕೆ ಹೋದರೆ ಸಂಬಂಧವಿಲ್ಲದ ಕ್ಲೇಮ್‌ಗೂ ಅನುಮಾನ ಶುರುವಾಗುತ್ತದೆ. ಪೀರಿಯಾಡಿಕ್ ಸರ್ವಿಸ್ ಒಂದನ್ನೂ ತಪ್ಪಿಸಬೇಡಿ. ಒಂದು ಸರ್ವಿಸ್ ತಪ್ಪಿದ್ದರೆ ಕ್ಲೇಮ್ ತಳ್ಳಲು ಅದೇ ಸಾಕು, ಶಾಕ್ಸ್‌ನ ಮಾತೇ ಬೇಕಾಗುವುದಿಲ್ಲ.

8. ಕ್ಲೇಮ್ ತಳ್ಳಿಹಾಕಿದರೆ

ಮೊದಲು ಕಾರಣವನ್ನು ಬರೆದು ಕೊಡಲು ಕೇಳಿ. ಯಾವ ಭಾಗ, ಯಾವ ಷರತ್ತು, ನಿಮ್ಮ ಬದಲಾವಣೆಯಿಂದ ಅದು ಕೆಟ್ಟಿದ್ದು ಹೇಗೆ ಎಂಬ ಮೂರೂ ಅದರಲ್ಲಿ ಇರಬೇಕು. ಕೆಟ್ಟ ಭಾಗವನ್ನು ಬಿಟ್ಟುಕೊಡಬೇಡಿ. ಮುಂದೆ ದೂರು ಹೋದರೆ ಅದನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳಿಸುವ ಅಧಿಕಾರ ಗ್ರಾಹಕ ಆಯೋಗಕ್ಕಿದೆ. ಡೀಲರ್ ಹಂತದಲ್ಲಿ ಬಗೆಹರಿಯದಿದ್ದರೆ ಕಂಪನಿಯ ಪ್ರಾದೇಶಿಕ ಸರ್ವಿಸ್ ಅಧಿಕಾರಿ ಬಂದು ನೋಡುವಂತೆ ಇಮೇಲ್‌ನಲ್ಲೇ ಕೇಳಿ.

ಈ ಹಂತದಲ್ಲಿ ನೆನಪಿಸಬಹುದಾದ ಒಂದು ಆದೇಶ ಇದೆ. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ದಂಡ ಹಾಕಿತು. ಹೊರಗಿನ ಗ್ಯಾರೇಜಿಗೆ ಹೋದರು ಎಂಬ ಒಂದೇ ಕಾರಣಕ್ಕೆ ಇಡೀ ವಾರಂಟಿ ರದ್ದು ಮಾಡುವ ಷರತ್ತು ಹಾಕಬೇಡಿ, ಹೊರಗಿನ ತಪ್ಪು ಕೆಲಸದಿಂದ ಆದ ಹಾನಿಯಷ್ಟಕ್ಕೆ ಮಾತ್ರ ವಾರಂಟಿ ತೆಗೆಯಬಹುದು ಎಂದೂ ಅದರಲ್ಲಿ ಹೇಳಿತು. ಆ ಆದೇಶದ ಮೇಲೆ ಮೇಲ್ಮನವಿಗಳಾಗಿವೆ. ಅದು ರಿಪೇರಿಯ ವಿಷಯದ್ದು, ಲಿಫ್ಟ್ ಕಿಟ್‌ನಂಥ ಬದಲಾವಣೆಯದ್ದಲ್ಲ. ಹಾಗಾಗಿ ಬ್ರಹ್ಮಾಸ್ತ್ರ ಅಂದುಕೊಳ್ಳಬೇಡಿ. "ಎಷ್ಟು ಹಾನಿಯೋ ಅಷ್ಟಕ್ಕೇ" ಎಂಬ ಮಾತಿಗೆ ಆಧಾರವಾಗಿ ಪತ್ರದಲ್ಲಿ ಸೇರಿಸಿ.

ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗಲಿಲ್ಲವೆಂದರೆ ಜಿಲ್ಲಾ ಗ್ರಾಹಕರ ಆಯೋಗ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾರು ಬೆಂಗಳೂರಿನಲ್ಲಿ ಕೊಂಡಿದ್ದರೂ ಶಿವಮೊಗ್ಗದಲ್ಲೇ ನಡೆಯುತ್ತದೆ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ದಾಟದ ಕಾರುಗಳು ಜಿಲ್ಲಾ ಆಯೋಗಕ್ಕೆ ಬರುತ್ತವೆ. ಬೆಲೆ 10ರಿಂದ 20 ಲಕ್ಷದ ನಡುವೆ ಇದ್ದರೆ ಶುಲ್ಕ 400 ರೂಪಾಯಿ. ತೊಂದರೆ ಹುಟ್ಟಿದ ದಿನದಿಂದ 2 ವರ್ಷದೊಳಗೆ ಕೊಡಬೇಕು. ಡೀಲರ್ ಮತ್ತು ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಿ. ಒಬ್ಬರನ್ನೇ ಸೇರಿಸಿದರೆ ಇನ್ನೊಬ್ಬರ ಮೇಲೆ ಹೊರಿಸಿ ಸುಮ್ಮನಾಗುತ್ತಾರೆ.

ವಿಮೆ ಮತ್ತು ಆರ್‌ಟಿಒ

ವಾರಂಟಿ ಬೇರೆ, ವಿಮೆ ಬೇರೆ. ಸ್ಪ್ರಿಂಗ್ ಅಥವಾ ಎತ್ತರ ಬದಲಿಸಿದರೆ ವಿಮಾ ಕಂಪನಿಗೆ ಬರೆದು ತಿಳಿಸಿ, ಪಾಲಿಸಿಯಲ್ಲಿ ನಮೂದಿಸಿಕೊಳ್ಳಿ. ಹೇಳದೇ ಇದ್ದರೆ ಅಪಘಾತದ ಕ್ಲೇಮ್ ವೇಳೆ ಅದೇ ತಕರಾರಾಗುತ್ತದೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲದಲ್ಲಿ ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿದೆ. ಅನುಮತಿ ಇಲ್ಲದ ಬದಲಾವಣೆಗೆ ಮಾಲೀಕರಿಗೆ ಒಂದೊಂದಕ್ಕೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅದೇ ಎತ್ತರದ ಶಾಕ್ಸ್ ಹಾಕಿದರೆ ಆರ್‌ಸಿಯ ಯಾವ ವಿವರವೂ ಬದಲಾಗುವುದಿಲ್ಲ. ಲಿಫ್ಟ್ ಜೊತೆ ದೊಡ್ಡ ಟೈರ್ ಹಾಕುವ ಯೋಚನೆ ಇದ್ದರೆ ಮೊದಲು ಶಿವಮೊಗ್ಗ ಅಥವಾ ಸಾಗರದ ಆರ್‌ಟಿಒ ಕಚೇರಿಯಲ್ಲಿ ಕೇಳಿ.

ಯಾವಾಗ ಮಾಡಿಸಬೇಕು

ವಾರಂಟಿ ಮುಗಿಯಲು ನಾಲ್ಕೈದು ತಿಂಗಳಷ್ಟೇ ಇದ್ದರೆ ಕಾಯಿರಿ. ಮುಗಿಯುವ ಒಂದು ತಿಂಗಳ ಮುಂಚೆ ಕಾರನ್ನು ಲಿಫ್ಟ್ ಮೇಲೆ ಎತ್ತಿಸಿ, ಸ್ಟ್ರಟ್, ಟಾಪ್ ಮೌಂಟ್, ಲಿಂಕ್ ರಾಡ್, ಲೋವರ್ ಆರ್ಮ್, ಸ್ಟೀರಿಂಗ್ ರ‍್ಯಾಕ್, ಆಕ್ಸಲ್ ಬೂಟ್ ಎಲ್ಲವನ್ನೂ ನೋಡಿಸಿ. ಕಂಡದ್ದೆಲ್ಲ ಜಾಬ್ ಕಾರ್ಡ್‌ಗೆ ಬರಲಿ. ವಾರಂಟಿ ಇರುವಾಗ ಬರೆಸಿದ ದೂರು, ಪಾರ್ಟ್ ಬರುವುದು ತಡವಾಗಿ ದಿನ ದಾಟಿದರೂ ನಿಮ್ಮ ಪರವಾಗಿ ನಿಲ್ಲುತ್ತದೆ. ಬದಲಿಸಬೇಕಾದದ್ದು ಬದಲಾದ ಮೇಲೆ ಹೊಸ ಶಾಕ್ಸ್‌ಗೆ ಆರ್ಡರ್ ಕೊಡಿ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಹಾಕಿಸಿದರೆ ಒಣ ರಸ್ತೆಯಲ್ಲಿ ಓಡಿಸಿ ನೋಡಿ, ಬಿಗಿ ನೋಡಿಸಿ, ಸರಿಮಾಡಿಕೊಳ್ಳಲು ಮುಂದಿನ ಜೂನ್‌ವರೆಗೆ ಸಮಯ ಸಿಗುತ್ತದೆ.